ಅಡಿಕೆ ಸುಲಿದ ಕೈ, ನರೆತ ಕೂದಲು

ಕೂಸೇ, ನಾನು ಸಾಗರದ ಅತ್ತೆ. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಟೈಪ್ ಮಾಡುವುದು ನನ್ನಿಂದಾಗದು. ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಕೇಳು. ಹಿಂದೆ ಜೋ ಅಂತ ಶಬ್ದ ಬಂದರೆ ಅದು ಮಳೆ, ನಿನ್ನ ಫೋನ್ ಹಾಳಾಗಿಲ್ಲ.

ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಓದಿದೆ. 26ಕ್ಕೇ ಬೈತಲೆ ಹತ್ತಿರ ಬಿಳಿಕೂದಲು ಬಂದಿದೆ, ದೀಪಾವಳಿ ಕಳೆದ ಮೇಲೆ ನಿಶ್ಚಿತಾರ್ಥ, ಅಂಗಡಿ ಡೈ ಹಚ್ಚಲು ಹೆದರಿಕೆ, ಗಿಡ ಸೊಪ್ಪಿನಲ್ಲಿ ಮದ್ದು ಇದೆಯಾ ಅಂತ ಕೇಳಿದ್ದೆ. ಬೆಳಗಾಗುವುದರೊಳಗೆ ಹದಿನೇಳು ಉತ್ತರ! ಚಿಕ್ಕಪ್ಪ ಕರಿಬೇವು ಅಂದ. ಭಾವ ಈರುಳ್ಳಿ ರಸ ಅಂದರು. ಯಾರೋ ಆಲೂಗಡ್ಡೆ ಸಿಪ್ಪೆ ಬೇಯಿಸಿದ ನೀರಿನ ವಿಡಿಯೋ ಕಳಿಸಿದರು. ಈರುಳ್ಳಿ ರಸ ಹಚ್ಚಿಕೊಂಡು ಆಫೀಸಿಗೆ ಹೋದರೆ ಪಕ್ಕದ ಸೀಟು ಖಾಲಿಯಾಗುತ್ತದೆ, ಅದೊಂದು ಗ್ಯಾರಂಟಿ. ಭಾವ, ಬೇಜಾರು ಮಾಡಿಕೊಳ್ಳಬೇಡಿ.

ಹೈಸ್ಕೂಲಿನಲ್ಲಿ 30 ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು, ಹಾಗಾಗಿ ಮೊದಲು ಸ್ವಲ್ಪ ಪಾಠ. ಕೂದಲಿಗೆ ಬಣ್ಣ ಬರುವುದು ಬುಡದಲ್ಲಿ, ಚರ್ಮದ ಒಳಗೆ. ಅಲ್ಲಿರುವ ಜೀವಕೋಶಗಳು ಮೆಲನಿನ್ ಅನ್ನುವ ಬಣ್ಣ ತಯಾರಿಸಿ ಬೆಳೆಯುವ ಕೂದಲಿಗೆ ತುಂಬುತ್ತವೆ. ಅವು ಕೆಲಸ ನಿಲ್ಲಿಸಿದರೆ ಕೂದಲು ಬೆಳ್ಳಗೆ ಹೊರಗೆ ಬರುತ್ತದೆ. ಚರ್ಮ ದಾಟಿ ಹೊರಗೆ ಬಂದ ಕೂದಲಿಗೆ ಜೀವವೇ ಇಲ್ಲ. ತೋಟಕ್ಕೆ ಗೊಬ್ಬರ ಹಾಕಿದರೆ ಮರ ಚಿಗುರುತ್ತದೆ, ಅಂಗಳದಲ್ಲಿ ಒಣಗುತ್ತಿರುವ ಅಡಿಕೆ ಮೇಲೆ ಗೊಬ್ಬರ ಸುರಿದರೆ ಏನಾಗುತ್ತದೆ ಹೇಳು? ಆದ್ದರಿಂದ ಬೆಳ್ಳಗಾದ ಕೂದಲಿಗೆ ಯಾವ ಎಣ್ಣೆ ಹಚ್ಚಿದರೂ ಅದು ಕಪ್ಪಾಗುವುದಿಲ್ಲ. ಕರಿಬೇವಿನ ಎಣ್ಣೆಗೂ ಇದೇ ಮಾತು.

ನಮ್ಮ ಮನೆಯಲ್ಲೇ ನೋಡು. ನಿನ್ನ ಅಜ್ಜ ಅಜ್ಜಿ ಇಬ್ಬರೂ ಹಚ್ಚುತ್ತಿದ್ದದ್ದು ಒಂದೇ ಬಾಟಲಿಯ ಗರುಗದ ಸೊಪ್ಪಿನ ಎಣ್ಣೆ, ಬಚ್ಚಲಿನ ಕಿಟಕಿಯಲ್ಲಿ ಇರುತ್ತಿತ್ತಲ್ಲ, ಅದು. ಅಜ್ಜಿಗೆ ಅರವತ್ತು ದಾಟಿದರೂ ಜಡೆ ಕಪ್ಪು. ಅಪ್ಪಯ್ಯನಿಗೆ, ಅಂದರೆ ನಿನ್ನ ಅಜ್ಜನಿಗೆ, ಮೂವತ್ತಕ್ಕೇ ತಲೆ ಬೆಳ್ಳಗೆ. ಮದುವೆ ಫೋಟೋದಲ್ಲಿ ಕಪ್ಪು, ನಾನು ಹುಟ್ಟಿದಾಗಿನ ಫೋಟೋದಲ್ಲಿ ಆಗಲೇ ಅರ್ಧ ಬಿಳಿ! ನೀನು ಅಜ್ಜನ ಹಾಗೆ, ಮೂಗೂ ಅವರದ್ದೇ. ನರೆಯುವುದಕ್ಕೂ ವಂಶಕ್ಕೂ ಸಂಬಂಧ ಇದೆ ಅನ್ನುವುದು ಹಳೆಯ ಮಾತು. 2016ರಲ್ಲಿ ವಿಜ್ಞಾನಿಗಳು ಐಆರ್‌ಎಫ್4 ಅನ್ನುವ ಜೀನ್‌ಗೂ ನರೆಗೂ ಸಂಬಂಧ ಇದೆ ಅಂತ ತೋರಿಸಿದರು.

ಕೀಳಬೇಡ, ಕಿತ್ತರೆ ಹತ್ತು ಬರುತ್ತದೆ ಅಂತ ದೊಡ್ಡಮ್ಮ ಬರೆದಿದ್ದಾರೆ. ಹತ್ತು ಬರುವುದಿಲ್ಲ, ಒಂದನ್ನು ಕಿತ್ತ ಮಾತ್ರಕ್ಕೆ ಪಕ್ಕದ ಬುಡದ ಕೂದಲು ಬೆಳ್ಳಗಾಗುವುದಿಲ್ಲ. ಆದರೆ ಪದೇ ಪದೇ ಕಿತ್ತರೆ ಆ ಬುಡ ಹಾಳಾಗಿ ಅಲ್ಲಿ ಕೂದಲೇ ಬರದೆ ಹೋಗಬಹುದು. ಬೈತಲೆ ಹತ್ತಿರ ಬೋಳಾಗುವುದಕ್ಕಿಂತ ಬಿಳಿ ಇರುವುದು ವಾಸಿ, ಅಲ್ವಾ? ಕತ್ತರಿಯಲ್ಲಿ ಬುಡದ ಹತ್ತಿರ ಕತ್ತರಿಸು, ಸಾಕು.

ಈಗ ನಿನಗೆ ಇಷ್ಟವಾಗದ ಮಾತು. ಎಣ್ಣೆ ಕಾಯಿಸುವ ಮೊದಲು ಒಂದು ಸಲ ರಕ್ತ ಪರೀಕ್ಷೆ ಮಾಡಿಸು. ನಮ್ಮ ಕಡೆಯವರಿಗೆ, ಅಂದರೆ ಏಷ್ಯಾದವರಿಗೆ, 25 ತುಂಬುವ ಮೊದಲೇ ನರೆ ಬಂದರೆ ಅದನ್ನು ಬಾಲನರೆ ಅನ್ನುತ್ತಾರೆ. ನಿನಗೆ ಶುರುವಾಗಿ ಎರಡು ವರ್ಷ ಆಯಿತು ಅಂದೆ. ವಿಟಮಿನ್ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಈ ನಾಲ್ಕು ನೋಡಿಸು. ಅದರಲ್ಲೂ ಬಿ12. ನಮ್ಮದು ಹಾಲು ಮಜ್ಜಿಗೆ ಬಿಟ್ಟರೆ ಪೂರ್ತಿ ಸೊಪ್ಪು ತರಕಾರಿ ಮನೆ. ಬೆಂಗಳೂರಿಗೆ ಹೋದ ಮೇಲೆ ನೀನು ಮಜ್ಜಿಗೆಯನ್ನೂ ಬಿಟ್ಟೆ, ಹಾಲಿಲ್ಲದ ಕಾಫಿ ಕುಡಿಯುತ್ತೀಯ. ಬಿ12 ಸೊಪ್ಪು, ಕಾಳು, ಹಣ್ಣಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲೇ ಇರುವುದು. ನೀನು ಗಿಡದಲ್ಲಿ ಮದ್ದು ಕೇಳಿದೆ, ನಿನಗೆ ಕಡಿಮೆ ಇರುವುದು ಗಿಡದಲ್ಲಿ ಸಿಗದ ವಸ್ತು ಇರಬಹುದು! ಹೋದ ಸಲ ಬಂದಾಗ ಪಾದ ಜುಮ್ಮೆನ್ನುತ್ತದೆ, ಸುಸ್ತು ಅಂತ ಹೇಳಿದ್ದೆಯಲ್ಲ, ಅದಕ್ಕೇ ನನಗೆ ಅನುಮಾನ. ಕೊರತೆಯಿಂದ ಬಂದ ನರೆ ಆದರೆ, ಕೊರತೆ ಸರಿಹೋದ ಮೇಲೆ ಹೊಸದಾಗಿ ಬರುವ ಕೂದಲು ಕೆಲವರಿಗೆ ಕಪ್ಪಾಗಿಯೇ ಬರುತ್ತದೆ. ಕೂದಲು ತಿಂಗಳಿಗೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆದ್ದರಿಂದ ಮೂರು ನಾಲ್ಕು ತಿಂಗಳು ಬುಡ ನೋಡುತ್ತಾ ಕೂರಬೇಕು. ವಂಶದ ನರೆಗೆ ಈ ಮಾತು ಅನ್ವಯಿಸುವುದಿಲ್ಲ. ಮಾತ್ರೆಯನ್ನು ಸುಮ್ನೆ ನೀನೇ ತಗೊಳ್ಳಬೇಡ, ಡಾಕ್ಟರು ಹೇಳಲಿ.

ತಡಿ, ಕುಕ್ಕರ್ ಕೂಗಿತು.

ಹಾಂ. ಗರುಗ. ಬಾಟಲಿ ಮೇಲೆ ಭೃಂಗರಾಜ ಅಂತ ಬರೆದಿರುತ್ತದಲ್ಲ, ಅದೇ. ಈಗ ಮಳೆಗಾಲ, ಗದ್ದೆ ಬದುವಿನಲ್ಲಿ, ತೋಟದ ಕಾಲುವೆ ಪಕ್ಕ ಬೇಕಾದಷ್ಟು ಬಂದಿದೆ. ಎಲೆ ಮುಟ್ಟಿದರೆ ಒರಟು, ಹೂವು ಅಂಗಿ ಗುಂಡಿಯಷ್ಟು, ಬಿಳಿ. ಪಟ್ಟಣದ ಮನೆಗಳ ಮುಂದೆ ನೆಲದ ಮೇಲೆ ಹಬ್ಬಿಸುತ್ತಾರಲ್ಲ, ದೊಡ್ಡ ಹಳದಿ ಹೂವಿನದ್ದು, ಅದು ಗರುಗ ಅಲ್ಲ. ಗುರುತಿಗೆ ಒಂದು ಉಪಾಯ ಇದೆ. ದಂಟು ಮುರಿದು ಎರಡು ಬೆರಳ ನಡುವೆ ಹಿಸುಕು. ಮೊದಲು ಹಸಿರು ನೀರು ಬರುತ್ತದೆ. ಹಾಗೇ ಗಾಳಿಗೆ ಬಿಡು. ಸ್ವಲ್ಪ ಹೊತ್ತಿಗೆ ಬೆರಳ ತುದಿ ಮಸಿ ಮುಟ್ಟಿದ ಹಾಗೆ ಕಪ್ಪಾಗುತ್ತದೆ. ಇದನ್ನು ನೋಡಿಯೇ ಇರಬೇಕು ಹಿಂದಿನವರು ತಲೆಗೆ ಹಚ್ಚಲು ಹೊರಟಿದ್ದು. ಕಪ್ಪು ಕೊಡುವ ಸೊಪ್ಪು ಕೂದಲನ್ನೂ ಕಪ್ಪು ಮಾಡೀತು ಅನ್ನುವ ಆಸೆ.

ಎಣ್ಣೆ ನಾನು ಮಾಡುವುದು ಹೀಗೆ. ಒಂದು ಲೀಟರ್ ಕೊಬ್ಬರಿ ಎಣ್ಣೆಗೆ ಕಾಲು ಲೀಟರ್ ಗರುಗದ ರಸ, ಒಂದು ಹಿಡಿ ಕರಿಬೇವು, ನಾಲ್ಕು ನೆಲ್ಲಿಕಾಯಿ ಜಜ್ಜಿದ್ದು. ಸಣ್ಣ ಉರಿ. ಮೊದಲು ಜೋರಾಗಿ ಚರಚರ ಅನ್ನುತ್ತದೆ, ಆಮೇಲೆ ಸದ್ದು ಕಡಿಮೆ ಆಗುತ್ತಾ ಬರುತ್ತದೆ. ತಳದ ಚರಟ ಸ್ವಲ್ಪ ತೆಗೆದು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿ. ಚಟಪಟ ಅಂದರೆ ಇನ್ನೂ ನೀರಿದೆ ಅಂತ. ಸುಮ್ಮನೆ ಉರಿದರೆ ಇಳಿಸು. ನೀರು ಉಳಿದರೆ ನಮ್ಮ ಮಳೆಗಾಲಕ್ಕೆ ಹದಿನೈದು ದಿನದಲ್ಲಿ ಎಣ್ಣೆ ಮುಗ್ಗಲು ವಾಸನೆ ಹೊಡೆಯುತ್ತದೆ. ಇದನ್ನು ಹಚ್ಚಿದರೆ ಕೂದಲು ತುಂಡಾಗುವುದು ಕಡಿಮೆ, ಹೊಳಪು ಬರುತ್ತದೆ. ಹೊಳೆಯುವ ಕೂದಲು ಇನ್ನಷ್ಟು ಕಪ್ಪಾಗಿ ಕಾಣುತ್ತದೆ, ಅದು ಸುಳ್ಳಲ್ಲ. ಆದರೆ ಬಿಳಿ ಬಿಳಿಯೇ.

ಹಾಗಾದರೆ ಗಿಡದಿಂದ ಏನೂ ಆಗುವುದಿಲ್ಲವಾ ಅಂದರೆ, ಆಗುತ್ತದೆ. ಮದ್ದಾಗಿ ಅಲ್ಲ, ಬಣ್ಣವಾಗಿ. ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಕೈ ನೋಡಿದ್ದೀಯಲ್ಲ? ಮೆಟ್ಟುಗತ್ತಿ ಮುಂದೆ ಕೂತು ಒಂದು ವಾರ ಹಸಿ ಅಡಿಕೆ ಸುಲಿದರೆ ಹೆಬ್ಬೆರಳು, ಉಗುರಿನ ಸಂದು, ಅಂಗೈ ಗೆರೆ ಎಲ್ಲ ಕಪ್ಪು. ಸೋಪಿಗೆ ಬಗ್ಗುವುದಿಲ್ಲ. ಸಣ್ಣವಳಿದ್ದಾಗ ನೀನು ನನ್ನ ಕೈಯಿಂದ ದೋಸೆ ತಿನ್ನಲ್ಲ ಅಂತ ಅತ್ತಿದ್ದೆ. ಅಡಿಕೆಯ ಒಗರು, ಅಂದರೆ ಟ್ಯಾನಿನ್, ಕತ್ತಿಯ ಕಬ್ಬಿಣ ಎರಡೂ ಸೇರಿ ಆ ಕಪ್ಪು ಆಗುವುದು. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಹಾಕಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ನೆಲ್ಲಿಪುಡಿಯನ್ನು ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿ ಅಂತ ವಿಡಿಯೋದಲ್ಲಿ ತೋರಿಸುತ್ತಾರಲ್ಲ, ಅದರ ಗುಟ್ಟು ಇಷ್ಟೇ, ನೆಲ್ಲಿಯ ಒಗರಿಗೆ ಬಾಣಲೆಯ ಕಬ್ಬಿಣ. ಸ್ಟೀಲ್ ಪಾತ್ರೆಯಲ್ಲಿ ನೆನೆಸಿದರೆ ಆ ಕಪ್ಪು ಬರುವುದಿಲ್ಲ. ನಾನು ಮಾಡಿ ನೋಡಿದ್ದೇನೆ. ಬಿಳಿಕೂದಲು ಬೂದಿಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತು, ನಾಲ್ಕೈದು ಸ್ನಾನಕ್ಕೆ ಹೋಯಿತು. ದಿಂಬಿನ ಕವರಿಗೆ ಹತ್ತಿದ್ದು ಮಾತ್ರ ಇವತ್ತಿಗೂ ಇದೆ.

ಇನ್ನೊಂದು ವಿಷಯ. ಅಡಿಕೆ ಕಪ್ಪು ಕೈಯಿಂದ ಹೋಗಬೇಕಾದರೆ ನಾವು ನಿಂಬೆಹುಳಿ ತಿಕ್ಕುತ್ತೇವೆ. ಹುಳಿಗೆ ಆ ಕಪ್ಪು ಬಿಡುತ್ತದೆ. ಹಾಗಿರುವಾಗ ನೆಲ್ಲಿ ಬಾಣಲೆಯ ಬಣ್ಣ ಹಚ್ಚಿ, ಕೊನೆಗೆ ನಿಂಬೆ ನೀರಿನಲ್ಲಿ ತಲೆ ತೊಳೆಯಿರಿ ಅನ್ನುವ ವಿಡಿಯೋ ಮಾಡಿದವರಿಗೆ ಏನನ್ನಬೇಕು? ಒಂದು ಕೈಯಲ್ಲಿ ಹಚ್ಚಿ ಇನ್ನೊಂದು ಕೈಯಲ್ಲಿ ಒರೆಸಿದ ಹಾಗೆ.

ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಅನ್ನುವ ಕೈಮಗ್ಗದ ಸಂಘದವರು ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿ ಉಳಿದ ರಸದಿಂದ, ಬಟ್ಟೆಗೆ ಬಣ್ಣ ಹಾಕುತ್ತಾರೆ, ನಿನಗೆ ಕೊಟ್ಟ ಆ ಇಟ್ಟಿಗೆ ಬಣ್ಣದ ಕುರ್ತಾ ಅಲ್ಲಿಯದೇ. ಚೊಗರನ್ನೇ ತಲೆಗೆ ಹಚ್ಚಲಾ ಅಂತ ಮಾತ್ರ ಕೇಳಬೇಡ.

ನಿಶ್ಚಿತಾರ್ಥಕ್ಕೆ ನಿಜವಾಗಿ ಕಪ್ಪು ಬೇಕು ಅಂದರೆ ಮದರಂಗಿ ಮತ್ತು ನೀಲಿ. ನೀಲಿ ಅಂದರೆ ನೀಲಿ ಗಿಡದ ಎಲೆ ಪುಡಿ, ಅಂಗಡಿಯಲ್ಲಿ ಇಂಡಿಗೋ ಪುಡಿ ಅಂತ ಕೇಳು. ಎರಡು ಹಂತ, ಕ್ರಮ ತಪ್ಪಬಾರದು. ಮದರಂಗಿ ಒಂದೇ ಹಚ್ಚಿದರೆ ಬಿಳಿಕೂದಲು ಕಿತ್ತಳೆ ಆಗುತ್ತದೆ. ಬರೀ ನೀಲಿ ಹಚ್ಚಿದರೆ ನೀಲಿ, ಹಸಿರು ಏನೇನೋ ಆಗುತ್ತದೆ. ಕಿತ್ತಳೆಯ ಮೇಲೆ ನೀಲಿ ಕೂತರೆ ಕಪ್ಪು. 100 ಗ್ರಾಂ ಮದರಂಗಿ ಪುಡಿ ಟೀ ಡಿಕಾಕ್ಷನ್‌ನಲ್ಲಿ ಕಲಸಿ ರಾತ್ರಿ ಇಡು. ಬೆಳಿಗ್ಗೆ ಎಣ್ಣೆ ಇಲ್ಲದ ತಲೆಗೆ ಹಚ್ಚಿ ಎರಡು ಗಂಟೆ ಬಿಟ್ಟು ಬರೀ ನೀರಿನಲ್ಲಿ ತೊಳೆ. ಆಮೇಲೆ ನೀಲಿ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚಿಟಿಕೆ ಉಪ್ಪು ಹಾಕಿ ಕಲಸು. ಇದನ್ನು ನೆನೆಸಿಡಬಾರದು. ಹತ್ತು ಹದಿನೈದು ನಿಮಿಷ ಬಿಟ್ಟು ಹಚ್ಚಲು ಶುರು ಮಾಡಬೇಕು, ತಡವಾದರೆ ಬಣ್ಣದ ಶಕ್ತಿ ಹೋಗುತ್ತದೆ. ಒಂದೂವರೆ ಗಂಟೆ ಇಟ್ಟು ತೊಳೆ. ಎರಡು ದಿನ ಶಾಂಪೂ ಮುಟ್ಟಬೇಡ. ಮೊದಲ ದಿನ ಹಸಿರು ಛಾಯೆ ಕಂಡರೆ ಗಾಬರಿ ಬೇಡ, ಗಾಳಿಗೆ ಬಿಟ್ಟಂತೆ ಮಾರನೇ ದಿನಕ್ಕೆ ಕಪ್ಪಾಗುತ್ತದೆ. ನಿಶ್ಚಿತಾರ್ಥದ ಹಿಂದಿನ ದಿನ ಮಾಡಬೇಡ, ಒಂದು ವಾರ ಮೊದಲೇ ಮಾಡು. ಅದಕ್ಕೂ ಮೊದಲು ಕತ್ತರಿಸಿ ಇಟ್ಟ ನಾಲ್ಕು ಬಿಳಿಕೂದಲಿಗೆ ಹಚ್ಚಿ ಬಣ್ಣ ನೋಡಿಕೊ.

ಇದೆಲ್ಲ ಯಾರಿಗೆ ಬೇಕು, ಕಪ್ಪು ಮೆಹಂದಿ ಪ್ಯಾಕೆಟ್ ತಂದರಾಯಿತು ಅನ್ನಬೇಡ. ನಾನು ತಂದಿದ್ದೆ. ಮಾರಿಜಾತ್ರೆಗೆ ನೆಂಟರೆಲ್ಲ ಬರುತ್ತಾರೆ ಅಂತ ಒಂದು ಅಂಗಡಿಯಲ್ಲಿ ತಗೊಂಡೆ. ಪ್ಯಾಕೆಟ್ ಮೇಲೆ ಎಲೆಯ ಚಿತ್ರ, "ನೈಸರ್ಗಿಕ" ಅಂತ ದೊಡ್ಡ ಅಕ್ಷರ. ಇಪ್ಪತ್ತು ನಿಮಿಷಕ್ಕೇ ಕಡುಕಪ್ಪು. ಖುಷಿಯೋ ಖುಷಿ. ಮಾರನೇ ಬೆಳಿಗ್ಗೆ ಕಣ್ಣು ತೆರೆಯಲು ಹೋದರೆ ರೆಪ್ಪೆ ಮೇಲೇಳುತ್ತಿಲ್ಲ. ಹಣೆ ಊದಿ ಬೈತಲೆಯವರೆಗೆ ನೀರುಗುಳ್ಳೆ. ನೆಂಟರು ಜಾತ್ರೆಗೆ ಹೋದರು, ನಾನು ಮನೆಯಲ್ಲಿ ಕಣ್ಣಿಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕೂತೆ. ಡಾಕ್ಟರು ಪ್ಯಾಕೆಟ್ ತರಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಪಿಪಿಡಿ, ಪ್ಯಾರಾಫಿನೈಲಿನ್‌ಡೈಅಮೀನ್. ಡೈಗಳಲ್ಲಿ ಹಾಕುವ ರಾಸಾಯನಿಕ, ಕೆಲವರ ಮೈಗೆ ಆಗುವುದೇ ಇಲ್ಲ. ಮದರಂಗಿ ಎಲೆಗೆ ತಾನಾಗಿ ಕಪ್ಪು ಕೊಡುವ ಗುಣವೇ ಇಲ್ಲ ಕೂಸೇ. ಮದರಂಗಿ ಅಂತ ಹೇಳಿ ನಿಮಿಷದಲ್ಲಿ ಕಪ್ಪು ಬಂದರೆ ಅದರಲ್ಲಿ ಬೇರೆ ಏನೋ ಬೆರೆಸಿದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ಲೇಬಲ್ ಓದಿ ಅಂತ ಹೇಳಿದವಳು ನಾನು, ಆ ಒಂದು ಸಲ ಓದಲಿಲ್ಲ. ನೀನು ಮದರಂಗಿ, ನೀಲಿ ಯಾವುದೇ ತಂದರೂ ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡು. ತುರಿಕೆ ಬಂದರೆ ಬಿಟ್ಟುಬಿಡು.

ಆಲೂಗಡ್ಡೆ ಸಿಪ್ಪೆ ನೀರು ಬರೀ ಗಂಜಿ. ಕಾಫಿ ಡಿಕಾಕ್ಷನ್ ಒಂದೆರಡು ಸ್ನಾನಕ್ಕೆ ಹೋಗುತ್ತದೆ, ಕುಡಿಯುವುದೇ ಲಾಭ. ಮೆಂತ್ಯ, ದಾಸವಾಳದ ಗೊಂಪು, ಅಂದರೆ ಅರೆದ ಲೋಳೆ, ನುಣುಪಿಗೆ ಒಳ್ಳೆಯದು, ಶಾಂಪೂ ಬದಲು ಹಾಕಿಕೊ, ಬಣ್ಣಕ್ಕಲ್ಲ.

ಮತ್ತೆ ನಿನ್ನ ತಮ್ಮ ಒಂದು ಸುದ್ದಿ ಕಳಿಸಿದ್ದ. 2021ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಜನರ ಕೂದಲನ್ನು ಎಳೆ ಎಳೆಯಾಗಿ ಅಳೆದು ನೋಡಿದರಂತೆ. ಒತ್ತಡ ಇಳಿದಾಗ ಕೆಲವು ಎಳೆಗಳಲ್ಲಿ ಬುಡದಿಂದ ಹೊಸದಾಗಿ ಬೆಳೆದ ಭಾಗ ಮತ್ತೆ ಬಣ್ಣಕ್ಕೆ ತಿರುಗಿತ್ತು. ರಜೆಗೆ ಹೋದ ಒಬ್ಬರಿಗೆ ಐದು ಕೂದಲು ಹಾಗಾಯಿತು. ತಲೆಯಲ್ಲಿ ಸಾವಿರಾರು ಇರುವಾಗ ಐದು ಏನು ಮಹಾ ಅನ್ನಬಹುದು. ಆದರೆ ನಿನಗೆ ಬಂದಿರುವುದೇ ಇಪ್ಪತ್ತು ಅಲ್ವಾ? ನೀರು ತುಂಬುವ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಾ. ಹಂಡೆ ತುಂಬಾ ಬಿಸಿನೀರು, ಎಣ್ಣೆ ಸ್ನಾನ, ಊಟಕ್ಕೆ ಒಂದೆಲಗದ ತಂಬುಳಿ, ಗಟ್ಟಿ ಮಜ್ಜಿಗೆ. ಆ ಲ್ಯಾಪ್‌ಟಾಪ್ ಮಾತ್ರ ಅಲ್ಲೇ ಬಿಟ್ಟು ಬಾ.

ಎಣ್ಣೆ ಶನಿವಾರ ಕಾಯಿಸುತ್ತೇನೆ, ರಾತ್ರಿ ಬಸ್ಸಿನಲ್ಲಿ ಕಳಿಸುತ್ತೇನೆ. ಗಾಜಿನ ಬಾಟಲಿ, ಅಜ್ಜಿಯದು. ಖಾಲಿಯಾದ ಮೇಲೆ ವಾಪಸ್ ತಾ, ಹೋದ ಸಲದ ಉಪ್ಪಿನಕಾಯಿ ಡಬ್ಬ ಇನ್ನೂ ಬಂದಿಲ್ಲ. ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಕೂಡಲೇ ನನಗೊಂದೇ ಕಳಿಸು, ಗ್ರೂಪಿಗೆ ಹಾಕಬೇಡ. ಹಾಕಿದರೆ ಮತ್ತೆ ಹದಿನೇಳು ಉತ್ತರ ಬರುತ್ತವೆ.