‘ವೇಷ ಹಾಕು’ ಮತ್ತು ‘ಸೀರೆ ಉಡು’: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ. ಗಂಡು-ಹೆಣ್ಣಿನ ಬಟ್ಟೆ ಬೇರೆ ಬೇರೆ ಇರಬೇಕು ಅನ್ನೋ ಬಗ್ಗೆ ಧರ್ಮಗಳು ಏನು ಹೇಳುತ್ತವೆ? ಈ ವಿಷಯದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೈಬಲ್ಲಿನ ಧರ್ಮೋಪದೇಶಕಾಂಡ 22:5 ಬಂದಾಗ ‘ಹೆಣ್ಣು ಗಂಡಿನ ವೇಷ ಹಾಕಬಾರದು, ಗಂಡು ಹೆಣ್ಣಿನ ವೇಷ ಹಾಕಬಾರದು’ ಅಂತ ಬರೆದೆ. ಓದಿ ಹೇಳುತ್ತಿದ್ದಾಗ ಅವ್ವ ತಡೆದಳು. “ಹುಲಿಗಿ ಜೋಗಪ್ಪಗೋಳು ವೇಷ ಹಾಕ್ಯಾರೇನು? ಅವರು ಸೀರಿ ಉಟ್ಟಾರ” ಅಂದಳು.

ಅವ್ವನ ಮಾತು ಖರೆ. ನಮ್ಮ ಕೊಪ್ಪಳ ಕಡೆ ವೇಷ ಅಂದರೆ ಹಾಕಿ ತೆಗೆಯೋದು. ದೊಡ್ಡಾಟದಲ್ಲಿ ರಾತ್ರಿಯೆಲ್ಲ ದ್ರೌಪದಿಯಾಗಿ ಕುಣಿದವನು ಬೆಳಗಿನ ಜಾವ ಚವರಿ ಬಿಚ್ಚುತ್ತಾನೆ. ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತಾನೆ. ಲುಂಗಿ ಸುತ್ತಿಕೊಂಡು ಚಹಾ ಕುಡಿಯುತ್ತಾನೆ. ಅದು ವೇಷ. ಮುನಿರಾಬಾದ್ ಹತ್ತಿರದ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡು ದೇವಿಗೆ ಮೀಸಲಾದ ಜೋಗಪ್ಪಗಳದು ಹಾಗಲ್ಲ. ಉಡುದಾರ ಹರಿದು, ಸೀರೆ ಉಡಿಸಿ, ಬಳೆ ಇಡಿಸುತ್ತಾರೆ. ಬೆಳಗಾದರೆ ಕಳಚಿಡೋ ಸೀರೆ ಅಲ್ಲ ಅದು. 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರ ಸೀರೆಯನ್ನು ಯಾರಾದರೂ ವೇಷ ಅಂದರೆ ನನಗೆ ನೋವಾಗುತ್ತದೆ. ಉಡುದಾರ, ಉಡಿ, ಉಡುಗೆ, ಎಲ್ಲಕ್ಕೂ ‘ಉಡು’ ಒಂದೇ ಬೇರು. ಗಂಡಸಿನ ದಾರವೂ ಹೆಂಗಸಿನ ಉಡಿಯೂ ಒಂದೇ ಕಡೆಯಿಂದ ಬಂದವು, ಅಲ್ವಾ!

ಇನ್ನು ಹೀಬ್ರೂ ಮೂಲಕ್ಕೆ ಬರೋಣ. ಅಲ್ಲಿ ಇಬ್ಬರಿಗೂ ಒಂದೇ ಪದ ಬಳಸಿಲ್ಲ. ಗಂಡಸು ಉಡಬಾರದ್ದು ‘ಸಿಮ್ಲತ್ ಇಶ್ಶಾ’, ಅಂದರೆ ಹೆಂಗಸಿನ ಬಟ್ಟೆ. ಇದರಲ್ಲಿ ಗೊಂದಲವಿಲ್ಲ. ಹೆಂಗಸಿನ ಮೈಮೇಲೆ ಇರಬಾರದ್ದು ‘ಕೆಲೀ ಗೆವೆರ್’. ಗೆವೆರ್ ಅಂದರೆ ಗಂಡಸು. ಕೆಲೀ ಅಂದರೆ ಪಾತ್ರೆಯೂ ಹೌದು, ಹತಾರವೂ ಹೌದು, ಆಯುಧವೂ ಹೌದು. ಅದಕ್ಕೇ ಯೆಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲಿ ರಬ್ಬಿ (ಧರ್ಮಗುರು) ಎಲಿಯೆಜರ್ ಬೆನ್ ಯಾಕೋಬ್ ಇದನ್ನು ‘ಹೆಂಗಸು ಆಯುಧ ಹಿಡಿದು ಯುದ್ಧಕ್ಕೆ ಹೋಗಬಾರದು’ ಅಂತ ಅರ್ಥ ಮಾಡುತ್ತಾರೆ. 11ನೇ ಶತಮಾನದ ಫ್ರಾನ್ಸಿನ ಯೆಹೂದಿ ವ್ಯಾಖ್ಯಾನಕಾರ ರಾಶಿ ಹೇಳೋದು ಬೇರೆ. ಗಂಡಸರ ನಡುವೆ ಸೇರಿಕೊಳ್ಳೋಕೆ ಗಂಡಸಿನಂತೆ ಕಾಣಿಸಿಕೊಳ್ಳೋದು ತಪ್ಪು ಅಂತಾರೆ ಅವರು. ಆ ಅರ್ಥಕ್ಕೆ ಮಾತ್ರ ನಮ್ಮ ‘ವೇಷ ಮರೆಸಿಕೊಳ್ಳು’ ಸರಿಯಾಗಿ ಕೂರುತ್ತದೆ.

ಇನ್ನು ಇಸ್ಲಾಮಿನ ಕಡೆ, ಬುಖಾರಿ ಸಂಗ್ರಹದ ಹದೀಸಿನಲ್ಲಿ (ಪ್ರವಾದಿಯ ಮಾತಿನಲ್ಲಿ) ಇದೇ ವಿಷಯಕ್ಕೆ ಬರೋದು ಅರಬ್ಬಿಯ ‘ತಶಬ್ಬುಹ್’ಗೆ ಸೇರಿದ ಪದ. ಅದು ಬಟ್ಟೆಯ ಹೆಸರಲ್ಲ, ಇನ್ನೊಬ್ಬರನ್ನು ಹೋಲುವಂತೆ ನಡೆದುಕೊಳ್ಳೋದು. ಅಲ್ಲಿ ‘ಅನುಕರಣೆ’ ಸಾಕು ಅನಿಸಿದೆ.

ಸಿಕ್ಕಿಕೊಂಡಿರೋದು ಕೆಲೀ ಹತ್ತಿರ. ‘ಗಂಡಸಿನ ಸರಂಜಾಮು’ ಅಂತ ಬರೆದು ನೋಡಿದೆ. ಗಾಡಿಯ ಸರಂಜಾಮು, ಒಕ್ಕಲುತನದ ಸರಂಜಾಮು ಅಂತೀವಿ. ಆದರೆ ಮೈಮೇಲಿನ ಬಟ್ಟೆ ಅದರಲ್ಲಿ ಸೇರುತ್ತದಾ? ಬಟ್ಟೆಯನ್ನೂ ಹತಾರವನ್ನೂ ಒಟ್ಟಿಗೆ ಹಿಡಿಯೋ ಒಂದು ಮಾತು ರಾಯಚೂರು, ಬಳ್ಳಾರಿ ಸೀಮೆಯ ಹಿರಿಯರ ಬಾಯಲ್ಲಿ ಕೇಳಿದ್ದರೆ ದಯವಿಟ್ಟು ತಿಳಿಸಿ. ‘ವೇಷ’ವನ್ನಂತೂ ಅವ್ವನ ಎದುರಿಗೇ ಹೊಡೆದು ಹಾಕಿದ್ದೇನೆ.