ಬೂಟ್ ಇಮೇಜ್ ಮೂರು ಸಲ ಕಟ್ಟಿದರೂ ಹೊಸ ಕರ್ನಲ್‌ಗೆ ರೇಡ್ ಕಾರ್ಡ್ ಕಾಣುತ್ತಿಲ್ಲ

ರಾತ್ರಿಪಾಳಿ:
ಹಳೇ ಸರ್ವರ್ ಒಂದಿದೆ. ಎಸ್‌ಎಎಸ್2008 ಚಿಪ್‌ನ ರೇಡ್ ಕಾರ್ಡ್ (ಹಲವು ಡಿಸ್ಕ್ ಜೋಡಿಸಿ ನಡೆಸುವ ಕಾರ್ಡ್), ರೇಡ್ 1ರಲ್ಲಿ (ಒಂದರದ್ದೇ ಪ್ರತಿ ಇನ್ನೊಂದರಲ್ಲಿ) ಎರಡು ಡಿಸ್ಕ್. ರಾಕಿ ಲಿನಕ್ಸ್ 8.9 ಹಾಕುವಾಗಲೇ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣಲಿಲ್ಲ. ಹೆಚ್ಚುವರಿ ಡ್ರೈವರ್ ಕೊಡುವ ಇಎಲ್‌ರೆಪೊ ಭಂಡಾರದ ಡ್ರೈವರ್ ಡಿಸ್ಕ್ ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲರ್‌ಗೆ ಇನ್‌ಸ್ಟ್.ಡಿಡಿ ಆಯ್ಕೆ ಕೊಟ್ಟು ಹೇಗೋ ದಾಟಿಸಿದೆ. ಆಮೇಲೆ ತಕರಾರಿಲ್ಲದೆ ಓಡಿತು.

ನಿನ್ನೆ 8.10ಕ್ಕೆ ಅಪ್‌ಡೇಟ್ ಮಾಡಿದೆ. ಹೊಸ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು (4.18.0-553), ಒಂದಷ್ಟು ಹೊತ್ತು ತಿಣುಕಿ ಬೂಟ್ ಕೈಕೊಟ್ಟಾಗ ಬರುವ ಡ್ರಾಕಟ್ ಶೆಲ್‌ಗೆ ಬೀಳುತ್ತದೆ. ಅಲ್ಲಿ ಪಾರ್ಟಿಷನ್ ಪಟ್ಟಿ ನೋಡಿದರೆ ತಲೆಬರಹದ ಸಾಲು ಬಿಟ್ಟು ಏನೂ ಇಲ್ಲ. ಹಳೇದು (4.18.0-513) ಮಾತ್ರ ಆರಾಮಾಗಿ ಏಳುತ್ತದೆ. ಅದರಲ್ಲೇ ಕೂತು, ಬೂಟ್ ಇಮೇಜ್ (ಕರ್ನಲ್ ಏಳುವಾಗ ಬೇಕಾದ ಡ್ರೈವರ್‌ಗಳ ಕಟ್ಟು) ಮತ್ತೆ ಕಟ್ಟುವ 'ಡ್ರಾಕಟ್ -ಎಫ್' ಮೂರು ಸಲ ಓಡಿಸಿದೆ. ಎರರ್ ಒಂದೂ ಇಲ್ಲ, ಫಲವೂ ಇಲ್ಲ. ಕಾರ್ಡ್ ಬಿಸಾಡಬೇಕಾ?

ಬೂಟುಬಡಗಿ:
ಬಿಸಾಡಬೇಡಿ. ಮೊದಲು /ಬೂಟ್ ಒಳಗಿನ ಫೈಲ್‌ಗಳ ಸಮಯ ನೋಡಿ. ಕರ್ನಲ್ ಹೆಸರು ಹೇಳದಿದ್ದರೆ ಡ್ರಾಕಟ್ ಈಗ ಓಡುತ್ತಿರುವ ಕರ್ನಲ್‌ಗೇ ಇಮೇಜ್ ಕಟ್ಟುತ್ತದೆ. ನೀವು ಚೆನ್ನಾಗಿದ್ದದ್ದನ್ನೇ ಮೂರು ಸಲ ಕಟ್ಟಿದ್ದೀರಿ ಅನ್ನಿಸುತ್ತದೆ! --ಕೆವರ್ ಜೊತೆ ಹೊಸ ಕರ್ನಲ್‌ನ ಪೂರ್ತಿ ಹೆಸರು ಕೊಡಿ.

ರಾತ್ರಿಪಾಳಿ:
ಹೌದು ಸರ್, 513ರ ಇಮೇಜ್‌ಗೆ ಇವತ್ತಿನ ಸಮಯ, 553ರದ್ದಕ್ಕೆ ನಿನ್ನೆಯದು. ನಾಚಿಕೆ ಆಯಿತು. --ಕೆವರ್ ಕೊಟ್ಟು ಕಟ್ಟಿದೆ, ಈಗ ಸಮಯ ಸರಿ ಇದೆ. ಆದರೆ ಬೂಟ್ ಆಗಲಿಲ್ಲ. ಇಮೇಜ್ ಒಳಗೇನಿದೆ ಎಂದು ತೋರಿಸುವ ಎಲ್‌ಎಸ್‌ಇನಿಟ್‌ಆರ್‌ಡಿಯಲ್ಲಿ ನೋಡಿದರೆ ಕಾರ್ಡ್‌ನ ಡ್ರೈವರ್ ಎಂಪಿಟಿ3ಸಾಸ್ ಒಳಗಡೆಯೇ ಇದೆಯಲ್ಲ?

ಹಳೇತಂತಿ:
ಇದೆ, ಆದರೆ ಯಾವುದು? ಆ ಹೆಸರಿನ ಮಾಡ್ಯೂಲ್ (ಡ್ರೈವರ್ ಫೈಲ್) ಕರ್ನಲ್ ಜೊತೆಗೂ ಬರುತ್ತದೆ. ರಾಕಿಗೆ ಮೂಲವಾದ ಆರ್‌ಹೆಚ್‌ಇಎಲ್ 8ರಲ್ಲಿ ಡ್ರೈವರ್ ಹಾಗೇ ಉಳಿಸಿಕೊಂಡು, ಹಳೇ ಕಾರ್ಡ್‌ಗಳ ಪಿಸಿಐ ಐಡಿ (ಕಾರ್ಡ್ ಗುರುತಿಸುವ ಸಂಖ್ಯೆ) ಮಾತ್ರ ಕಿತ್ತಿದ್ದಾರೆ. ನಿಮ್ಮದು 1000:0072 ಇರಬೇಕು, ಎಲ್‌ಎಸ್‌ಪಿಸಿಐ -ಎನ್‌ಎನ್ ಹೊಡೆದು ಖಾತ್ರಿ ಮಾಡಿಕೊಳ್ಳಿ. ಎಲ್‌ಎಸ್‌ಇನಿಟ್‌ಆರ್‌ಡಿಯಲ್ಲಿ ಫೈಲಿನ ದಾರಿ ನೋಡಿ. 'ಕರ್ನಲ್/ಡ್ರೈವರ್ಸ್/ಸ್ಕಸಿ' ಅಂತಿದ್ದರೆ ಅದು ಐಡಿ ಕಿತ್ತದ್ದು. 'ಎಕ್ಸ್‌ಟ್ರಾ' ಅಥವಾ 'ವೀಕ್-ಅಪ್‌ಡೇಟ್ಸ್' ಅಂತಿದ್ದರೆ ಇಎಲ್‌ರೆಪೊದ್ದು.

8.9ಕ್ಕೆ ಕಟ್ಟಿದ ಕೆಮಾಡ್ (ಇಎಲ್‌ರೆಪೊದ ಡ್ರೈವರ್ ಪ್ಯಾಕೇಜ್) 8.10ರ ಕರ್ನಲ್‌ಗೆ ಹೊಂದದೆ ಹೋದರೆ ಹೊಸ ಕರ್ನಲ್‌ನ ವೀಕ್-ಅಪ್‌ಡೇಟ್ಸ್‌ನಲ್ಲಿ ಅದಕ್ಕೆ ಕೊಂಡಿ ಬೀಳುವುದಿಲ್ಲ. ಡ್ರಾಕಟ್ ಆಗ ಸುಮ್ನೆ ಕರ್ನಲ್‌ನದ್ದನ್ನೇ ಎತ್ತಿಕೊಳ್ಳುತ್ತದೆ, ಬಾಯಿ ಬಿಡುವುದಿಲ್ಲ. ಹಳೇ ಕರ್ನಲ್‌ನಲ್ಲಿ ಎದ್ದು 8.10ರ ಕೆಮಾಡ್-ಎಂಪಿಟಿ3ಸಾಸ್ ಹಾಕಿ, ಹೊಸ ಕರ್ನಲ್ ಹೆಸರಿಗೆ ಡೆಪ್‌ಮಾಡ್ (ಮಾಡ್ಯೂಲ್ ಪಟ್ಟಿ ಹೊಸದು ಮಾಡುವ ಆಜ್ಞೆ) ಓಡಿಸಿ, ಆಮೇಲೆ ಡ್ರಾಕಟ್. ಸೆಕ್ಯೂರ್ ಬೂಟ್ (ನಂಬಿದ ಸಹಿ ಇದ್ದರಷ್ಟೇ ಒಳಬಿಡುವ ಕಾವಲು) ಆನ್ ಇದ್ದರೆ ಇಎಲ್‌ರೆಪೊ ಕೀಯನ್ನು ಮಾಕ್‌ಯುಟಿಲ್‌ನಲ್ಲಿ ಸೇರಿಸಿರಬೇಕು.

ರಾತ್ರಿಪಾಳಿ:
ಐಡಿ 0072 ಹೌದು. ದಾರಿಯೂ ನೀವು ಹೇಳಿದ ಹಾಗೇ 'ಡ್ರೈವರ್ಸ್/ಸ್ಕಸಿ'. ಹೊಸ ಕರ್ನಲ್‌ನ ಮಾಡ್‌ಇನ್ಫೋದಲ್ಲಿ (ಡ್ರೈವರ್ ವಿವರ ತೋರಿಸುವ ಆಜ್ಞೆ) 0072 ಹುಡುಕಿದರೆ ಖಾಲಿ, ಹಳೇದರಲ್ಲಿ ಒಂದು ಸಾಲು ಸಿಕ್ಕಿತು. ಹೊಸ ಕೆಮಾಡ್ ಹಾಕಿ ಕಟ್ಟಿದೆ, ದಾರಿ 'ವೀಕ್-ಅಪ್‌ಡೇಟ್ಸ್' ಆಯಿತು. ಎದ್ದು ಲಾಗಿನ್ ಕೇಳಿತು!

ಬೂಟುಬಡಗಿ:
ಇನ್ನೊಂದು ಮಾತು. ಅಪ್‌ಡೇಟ್ ಹಾಕುವ ಡಿಎನ್‌ಎಫ್ ಮಾಮೂಲಾಗಿ ಮೂರೇ ಕರ್ನಲ್ ಇಟ್ಟುಕೊಳ್ಳುತ್ತದೆ. ಇನ್ನೆರಡು ಕರ್ನಲ್ ಅಪ್‌ಡೇಟ್ ಆದರೆ ನಿಮ್ಮನ್ನು ಕಾಪಾಡಿದ ಆ 513 ಹೋಗಿರುತ್ತದೆ. ಅದರ ಇನ್‌ಸ್ಟಾಲ್‌ಓನ್ಲಿ_ಲಿಮಿಟ್ ಸೆಟ್ಟಿಂಗ್ ಜಾಸ್ತಿ ಮಾಡಿಕೊಳ್ಳಿ. ಅಪ್‌ಡೇಟ್ ಆದಮೇಲೆ ರೀಬೂಟ್‌ಗೆ ಮುಂಚೆ ಎಲ್‌ಎಸ್‌ಇನಿಟ್‌ಆರ್‌ಡಿಯಲ್ಲಿ ಎಂಪಿಟಿ3ಸಾಸ್‌ನ ದಾರಿಯನ್ನೊಮ್ಮೆ ನೋಡಿಬಿಡಿ.