ಡಿಪ್ಲೊಮಾ ಹುಡುಗರಿಗೆ ಟಾಲರೆನ್ಸ್ ಕಲಿಸೋಕೆ ಯಾವ ಸಾಫ್ಟ್‌ವೇರ್? ಅನುಭವ ಇದ್ದವರು ಹೇಳಿ

ಮಂಡ್ಯ ಮೇಷ್ಟ್ರು:
ನಮಸ್ಕಾರ. ಮಂಡ್ಯದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್‌ಗೆ ಪಾಠ ಮಾಡುತ್ತೇನೆ. ನಮ್ಮ ಹುಡುಗರು ಪ್ರಾಜೆಕ್ಟಿಗೆ ಕಬ್ಬಿನ ಹಾಲಿನ ಮೆಷಿನ್ ಮಾಡಿದರು. ಕಂಪ್ಯೂಟರಲ್ಲಿ ಅಸೆಂಬ್ಲಿ ಚೆನ್ನಾಗಿ ಕೂತಿತು. ಪಾರ್ಟ್ ಮಾಡಿಸಿ ತಂದ ಮೇಲೆ ಬೇರಿಂಗ್ ಬ್ಲಾಕಿನ ನಾಲ್ಕು ಬೋಲ್ಟಲ್ಲಿ ಮೂರು ಹೋಗುತ್ತೆ, ನಾಲ್ಕನೇದು ಹೋಗಲ್ಲ. ಸ್ಕ್ರೀನ್ ಮೇಲೆ ಎಲ್ಲ ಪಾರ್ಟೂ ನಾಮಿನಲ್ ಸೈಜಲ್ಲೇ, ಅಂದ್ರೆ ಡ್ರಾಯಿಂಗಲ್ಲಿ ಬರೆದ ಅಳತೆಯಲ್ಲೇ ಇರುತ್ತೆ, ಮಾಡಿಸಿದ ಪಾರ್ಟಲ್ಲಿ ಟಾಲರೆನ್ಸ್ ಬಿಟ್ಟಷ್ಟು ಹೆಚ್ಚುಕಮ್ಮಿ ಬರುತ್ತೆ ಅನ್ನೋದು ಅವರಿಗೆ ಹೊಳೆಯುವುದೇ ಇಲ್ಲ. ಲ್ಯಾಬಲ್ಲಿ 20 ಹಳೇ ಕಂಪ್ಯೂಟರ್, 8 ಜಿಬಿ ರ‍್ಯಾಮ್. ಸ್ಟ್ಯಾಕಪ್ (ಹಲವು ಪಾರ್ಟಿನ ಹೆಚ್ಚುಕಮ್ಮಿ ಸೇರಿ ಒಟ್ಟು ಎಷ್ಟಾಗುತ್ತೆ ಅನ್ನೋ ಲೆಕ್ಕ), ಜಿಡಿ ಅಂಡ್ ಟಿ (ಆಕಾರ, ಜಾಗದ ಟಾಲರೆನ್ಸನ್ನ ಡ್ರಾಯಿಂಗಲ್ಲಿ ಚಿಹ್ನೆಯಿಂದ ಬರೆಯೋ ಪದ್ಧತಿ) ಕಲಿಸೋಕೆ ಏನು ತಗೊಳ್ಳಲಿ? ದುಡ್ಡು ಜಾಸ್ತಿ ಇಲ್ಲ.

ಹೆಬ್ಬಾಳ ಫಿಕ್ಸ್ಚರ್:
ಎಕ್ಸೆಲ್ ಸಾಕು. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದು ಫಿಕ್ಸ್ಚರ್ ಶಾಪ್. ದೊಡ್ಡ ಹೆಸರಿನ ಕ್ಯಾಡ್ (ಕಂಪ್ಯೂಟರಲ್ಲಿ ಡ್ರಾಯಿಂಗ್ ಮಾಡೋ ಸಾಫ್ಟ್‌ವೇರ್) ಒಂದನ್ನ ತಗೊಂಡೆ. 4,10,000 ಪ್ಲಸ್ ಜಿಎಸ್‌ಟಿ, ಕೈಬಿಟ್ಟು ಹೋದದ್ದು 4,83,800. ಟಾಲರೆನ್ಸ್ ಅನಾಲಿಸಿಸ್ ಇದರಲ್ಲೇ ಬರುತ್ತೆ ಅಂತ ಡೀಲರ್ ಡೆಮೋದಲ್ಲಿ ತೋರಿಸಿದ್ದ. ಇನ್‌ಸ್ಟಾಲ್ ಆದ ಮೇಲೆ ಆ ಮೆನುವೇ ಇಲ್ಲ. ಕೇಳಿದರೆ "ಅದು ಮೇಲಿನ ಪ್ಯಾಕೇಜ್ ಸಾರ್, ಡಿಫರೆನ್ಸ್ ಕಟ್ಟಿದ್ರೆ ಇವತ್ತೇ ಆನ್ ಮಾಡ್ತೀವಿ" ಅಂದ. ವರ್ಷಕ್ಕೆ ಮೇಂಟೆನೆನ್ಸ್ ಬೇರೆ, 85,000 ಪ್ಲಸ್ ಜಿಎಸ್‌ಟಿ. ಕೊರೊನಾ ವರ್ಷ ಕಟ್ಟಲಿಲ್ಲ. ಮತ್ತೆ ಶುರು ಮಾಡೋಕೆ ಹೋದರೆ ಬಿಟ್ಟ ವರ್ಷದ್ದೂ ಸೇರಿಸಿ ಕೇಳಿದರು. ಕೆಲಸ ಇಲ್ಲದೆ ಮೆಷಿನ್‌ಗೆ ಕವರ್ ಹಾಕಿದ್ದ ವರ್ಷದ ದುಡ್ಡು!

ಈಗ ಒಂದು ಸಾಲಿಗೆ ಒಂದು ಡೈಮೆನ್ಷನ್, ಪಕ್ಕದಲ್ಲಿ ಪ್ಲಸ್ ಮೈನಸ್, ಕೆಳಗೆ ಮೊತ್ತ. ಐದು ಪಾರ್ಟ್, ತಲಾ ±0.1 ಎಂಎಂ ಅಂದ್ರೆ ವರ್ಸ್ಟ್ ಕೇಸ್, ಎಲ್ಲವೂ ಒಂದೇ ಕಡೆಗೆ ತಪ್ಪಿದರೆ, ±0.5. ಹತ್ತು ನಿಮಿಷದ ಕೆಲಸ.

ಹೂಟಗಳ್ಳಿ ಕ್ಯೂಎ:
ಸಾರ್, ಒಂದೇ ಗೆರೆಯಲ್ಲಿ ಬರೋ ಸ್ಟ್ಯಾಕಪ್‌ಗೆ ಎಕ್ಸೆಲ್ ಸರಿ. ಪೊಸಿಶನ್ ಟಾಲರೆನ್ಸ್ (ತೂತು ತನ್ನ ಜಾಗದಿಂದ ಎಷ್ಟು ಸರಿಯಬಹುದು ಅನ್ನೋದು) ಬಂದ್ರೆ ಯಾವ ಕಾಲಂನಲ್ಲಿ ಹಾಕ್ತೀರಿ? ಎಂಎಂಸಿ ಬೋನಸ್ (ತೂತು ದೊಡ್ಡದಾದಷ್ಟೂ ಜಾಗಕ್ಕೆ ಸಿಗೋ ಹೆಚ್ಚುವರಿ ಸಡಿಲ)?

ನಾನು ಸಾಫ್ಟ್‌ವೇರಿಗೆ ದುಡ್ಡು ಹಾಕಲಿಲ್ಲ, ಜಿಡಿ ಅಂಡ್ ಟಿ ಕೋರ್ಸಿಗೆ ಹಾಕಿದೆ. ಫೀಸು 48,000, ಜಿಎಸ್‌ಟಿ ಸೇರಿ 56,640. ವಾರಾಂತ್ಯದ ಕ್ಲಾಸು ಬೆಂಗಳೂರಲ್ಲಿ, ಪೀಣ್ಯದ ಹತ್ತಿರ ಲಾಡ್ಜು, ರಾತ್ರಿಗೆ 1,400, ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ. ಸರ್ಟಿಫಿಕೇಟ್ ತಂದರೆ ದುಡ್ಡು ಕೊಡ್ತೀವಿ ಅಂದಿದ್ದ ಕಂಪನಿ, ತಂದ ಮೇಲೆ "ಪಾಲಿಸಿ ಬದಲಾಗಿದೆ" ಅಂತು. ಆ ಕೆಲಸ ಬಿಟ್ಟಾಯ್ತು, ಬಿಡಿ.

ಆದರೆ ಕೋರ್ಸು ದಂಡವಾಗಲಿಲ್ಲ. ತೂತಿನ ಜಾಗಕ್ಕೆ ±0.1 ಚೌಕದ ಬದಲು ಅದೇ ಮೂಲೆಗಳನ್ನ ಮುಟ್ಟುವ ದುಂಡು ವಲಯ ಕೊಟ್ಟರೆ ವಿಸ್ತೀರ್ಣ 57% ಜಾಸ್ತಿ ಸಿಗುತ್ತೆ. ಸುಮ್ನೆ ರಿಜೆಕ್ಟ್ ಆಗ್ತಿದ್ದ ಪಾರ್ಟ್ ಪಾಸಾಗುತ್ತೆ. ಎಎಸ್‌ಎಂಇ ವೈ14.5 ಅನ್ನೋ ಅಮೆರಿಕದ ಡ್ರಾಯಿಂಗ್ ಸ್ಟ್ಯಾಂಡರ್ಡಿನ 2018ರ ಆವೃತ್ತಿಯಲ್ಲಿ ಕಾನ್ಸೆಂಟ್ರಿಸಿಟಿ (ಒಂದೇ ಕೇಂದ್ರ), ಸಿಮೆಟ್ರಿ (ಎರಡೂ ಕಡೆ ಸಮ) ಚಿಹ್ನೆ ಎರಡನ್ನೂ ತೆಗೆದುಹಾಕಿದ್ದಾರೆ. ಹೊಸ ಡ್ರಾಯಿಂಗಲ್ಲೂ ಅದೇ ಚಿಹ್ನೆ ಹಾಕಿ ಕಳಿಸುವವರು ಇನ್ನೂ ಇದ್ದಾರೆ.

ಫ್ರೀಕ್ಯಾಡ್ ಹುಡುಗ:
ಮೇಷ್ಟ್ರೆ, ಇವರ ಬಿಲ್ ಪುರಾಣ ಬಿಡಿ. ಫ್ರೀಕ್ಯಾಡ್ ಹಾಕಿ, ದುಡ್ಡಿಲ್ಲದೆ ಸಿಗೋ ಕ್ಯಾಡ್. 2024ರ ನವೆಂಬರಲ್ಲಿ 1.0 ಬಂತು. ಹಿಂದಿನ ಸ್ಕೆಚ್ ಮುಟ್ಟಿದರೆ ಮುಂದಿನದೆಲ್ಲ ಮುರಿದುಬೀಳ್ತಿದ್ದ ಕಾಟ ಈಗ ಬಹಳ ಕಮ್ಮಿ. ನಿಮ್ಮ 8 ಜಿಬಿಯಲ್ಲಿ ಓಡುತ್ತೆ. ಟಾಲರೆನ್ಸಿಗೆ ಪೈಥಾನಲ್ಲಿ ಹದಿನೈದು ಸಾಲು ಬರೆದರೆ ಮಾಂಟೆ ಕಾರ್ಲೊ (ಟಾಲರೆನ್ಸ್ ಒಳಗೆ ಅಳತೆಗಳನ್ನ ಅಡ್ಡಾದಿಡ್ಡಿ ಬದಲಿಸಿ ಮತ್ತೆ ಮತ್ತೆ ಜೋಡಿಸಿ ನೋಡೋ ಲೆಕ್ಕ) ರೆಡಿ. ಒಂದು ಲಕ್ಷ ಅಸೆಂಬ್ಲಿ ಕೆಲವೇ ಸೆಕೆಂಡಲ್ಲಿ. ಅದೇ ಐದು ಪಾರ್ಟಿಗೆ ಆರ್‌ಎಸ್‌ಎಸ್ (ವರ್ಗಗಳನ್ನ ಕೂಡಿ ವರ್ಗಮೂಲ ತೆಗೆಯೋ) ಲೆಕ್ಕದಲ್ಲಿ ±0.22 ಬರುತ್ತೆ. ವರ್ಸ್ಟ್ ಕೇಸ್ ಹಿಡ್ಕೊಂಡು ಕೂತರೆ ಬರೀ ಖರ್ಚು.

ನಾನು ಮೊದಲು ಕ್ಲೌಡ್ ಕ್ಯಾಡ್ ಒಂದರಲ್ಲಿದ್ದೆ. 2020ರಲ್ಲಿ ಫ್ರೀ ಲೈಸೆನ್ಸಿಗೆ ಹತ್ತೇ ಫೈಲ್ ಅಂತ ಮಿತಿ ಹಾಕಿದರು. ಫೈನಲ್ ಇಯರ್ ಪ್ರಾಜೆಕ್ಟು ಅದರಲ್ಲೇ ಇತ್ತು. ಅವತ್ತಿಂದ ಬಾಡಿಗೆ ಸಾಫ್ಟ್‌ವೇರ್ ಮುಟ್ಟಿಲ್ಲ. ಇನ್ನು ನಾಲ್ಕು ಲಕ್ಷದ ಕಥೆ... ಎಷ್ಟು ಶಾಪಲ್ಲಿ ಕ್ರ್ಯಾಕ್ (ಕದ್ದ ಕಾಪಿ) ಓಡುತ್ತೆ ಅಂತ ಎಲ್ಲರಿಗೂ ಗೊತ್ತು ಅಲ್ವಾ.

ಹೆಬ್ಬಾಳ ಫಿಕ್ಸ್ಚರ್:
ಏನಪ್ಪಾ, ನನಗೆ ಹೇಳ್ತಿದ್ದೀಯಾ? ಬಿಲ್ ನಂಬರ್ ಹಾಕಲಾ ಇಲ್ಲಿ?

ನಿನ್ನ ಮಾಂಟೆ ಕಾರ್ಲೊ ವಿಚಾರಕ್ಕೆ ಬಾ. 25 ಎಂಎಂ ಬೋರ್ (ಶಾಫ್ಟ್ ಕೂರೋ ತೂತು), ಟಾಲರೆನ್ಸ್ ಎಚ್7. ಸೊನ್ನೆಯಿಂದ +21 ಮೈಕ್ರಾನ್ (ಮಿಲಿಯ ಸಾವಿರದ ಒಂದು ಭಾಗ). ಶಾಫ್ಟ್ ಜಿ6, −7ರಿಂದ −20. ನಿನ್ನ ಗಂಟೆ ಆಕಾರದ ಗ್ರಾಫು ಕ್ಲಿಯರೆನ್ಸ್, ಅಂದ್ರೆ ನಡುವಿನ ಸಂದು, ಸರಾಸರಿ 24 ಅನ್ನುತ್ತೆ. ನಮ್ಮ ಆಪರೇಟರ್ ಏನು ಮಾಡ್ತಾನೆ ಗೊತ್ತಾ? ಬೋರ್ +4ಕ್ಕೆ ಬಂದ ಕೂಡಲೇ ನಿಲ್ಲಿಸ್ತಾನೆ. ಮೆಟೀರಿಯಲ್ ಇದ್ದರೆ ಇನ್ನೊಂದು ಕಟ್ ತೆಗೀಬಹುದು, ಹೋದರೆ ಸ್ಕ್ರ್ಯಾಪ್. ಶಾಫ್ಟನ್ನ −8ಕ್ಕೇ ಬಿಡ್ತಾನೆ, ಅದೇ ಕಾರಣಕ್ಕೆ. ಕ್ಲಿಯರೆನ್ಸ್ ಆಯ್ತು 12. ಎರಡೂ ಪಾರ್ಟ್ ಡ್ರಾಯಿಂಗ್ ಪ್ರಕಾರ ಪಾಸ್. ನಿನ್ನ ಸರಾಸರಿ ಎಲ್ಲಿ ಹೋಯ್ತು? ಒಬ್ಬ ಕಸ್ಟಮರ್ ಇದನ್ನ ನೋಡದೆ ಸಿಮ್ಯುಲೇಶನ್ ನಂಬಿ ಆರ್ಡರ್ ಕೊಟ್ಟ. ಸ್ಲೈಡ್ ಬಿಗಿ ಅಂತ ನನ್ನ ಮೇಲೆ 62,000 ಡೆಬಿಟ್ ನೋಟ್ ಹಾಕಿದ.

ಫ್ರೀಕ್ಯಾಡ್ ಹುಡುಗ:
ಸರಾಸರಿ ಜರುಗಿದೆ ಅಂತ ಗೊತ್ತಿದ್ರೆ ಕೋಡಲ್ಲಿ ಒಂದು ನಂಬರ್ ಬದಲಾಯಿಸಿದ್ರೆ ಆಯ್ತು. ಅದಕ್ಕೆ ಶಾಪಿನ ಡೇಟಾ ಬೇಕು. ಕೇಳಿದ್ರೆ ಯಾರು ಕೊಡ್ತೀರಿ?

ಗೇಜ್ ಅಜ್ಜ:
ನಾನು ಇನ್‌ಸ್ಪೆಕ್ಷನ್‌ನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಸಾಫ್ಟ್‌ವೇರ್ ಎಲ್ಲ ಆಮೇಲೆ. ಮೊದಲು ಒಂದೇ ಪಾರ್ಟನ್ನ ಹತ್ತು ಹುಡುಗರ ಕೈಗೆ ಕೊಟ್ಟು ಮೈಕ್ರೋಮೀಟರಲ್ಲಿ ಅಳೆಸಿ. ಹತ್ತು ಉತ್ತರ ಬರುತ್ತೆ. ಒತ್ತಡ ಒಂದೇ ಸಮ ಇಡೋ ರ‍್ಯಾಚೆಟ್ ತಿರುಗಿಸೋದು ಬಿಟ್ಟು ಥಿಂಬಲ್ (ತಿರುಗೋ ಕೊಳವೆ) ಹಿಡಿದು ಒತ್ತೋರೇ ಎಲ್ಲ.

ಇನ್ನೊಂದು ವಿಷಯ. ಅಳತೆ ಅಂದರೆ 20 ಡಿಗ್ರಿಯಲ್ಲಿ. ಏಪ್ರಿಲ್ ಮಧ್ಯಾಹ್ನ ಶೆಡ್ ಒಳಗೆ 35 ಇರುತ್ತೆ. 100 ಎಂಎಂ ಅಲ್ಯೂಮಿನಿಯಂ ಪಾರ್ಟ್ ಸುಮಾರು 34 ಮೈಕ್ರಾನ್ ಬೆಳೆದಿರುತ್ತೆ. ಹೆಬ್ಬಾಳದವರು 4 ಮೈಕ್ರಾನ್, 8 ಮೈಕ್ರಾನ್ ಅಂತಾರಲ್ಲ, ಯಾವ ರೂಮಲ್ಲಿ ಅಳೆದದ್ದು?

ಹೆಬ್ಬಾಳ ಫಿಕ್ಸ್ಚರ್:
ಯಜಮಾನ್ರೇ, ನಮ್ಮದು ಸ್ಟೀಲ್ ಪಾರ್ಟ್, ಸ್ಟೀಲ್ ಮಾಸ್ಟರ್ ರಿಂಗ್ (ಹೋಲಿಸಿ ನೋಡೋ ಅಳತೆ ಉಂಗುರ). ಎರಡೂ ಒಂದೇ ಟೇಬಲ್ ಮೇಲೆ, ಎರಡೂ ಒಟ್ಟಿಗೆ ಹಿಗ್ಗುತ್ತೆ. ಎಸಿ ರೂಮು ನಮಗೆ ಹೇಳಬೇಡಿ, ಕರೆಂಟ್ ಬಿಲ್ ನೀವು ಕಟ್ಟಲ್ಲ.

ಗೇಜ್ ಅಜ್ಜ:
ಈಗ ತಾನೇ ಗ್ರೈಂಡಿಂಗಿಂದ ಇಳಿದ ಪಾರ್ಟು ರಿಂಗ್ ಜೊತೆ ಹೇಗೆ ಹಿಗ್ಗುತ್ತೆ? ಕೈಯಲ್ಲಿ ಮುಟ್ಟಿ ನೋಡಿ, ಬೆಚ್ಚಗಿರುತ್ತೆ.

ಮಂಡ್ಯ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಆ ನಾಲ್ಕನೇ ಬೋಲ್ಟ್...

ಹೂಟಗಳ್ಳಿ ಕ್ಯೂಎ:
ಬೋಲ್ಟ್ ಎಷ್ಟು, ತೂತು ಎಷ್ಟು ಸಾರ್? ಡ್ರಾಯಿಂಗ್ ಕೆಳಗೆ ಜನರಲ್ ಟಾಲರೆನ್ಸ್ (ಬೇರೆ ಟಾಲರೆನ್ಸ್ ಬರೆಯದ ಅಳತೆಗೆಲ್ಲ ಅನ್ವಯಿಸೋದು) ಏನಿದೆ?

ಮಂಡ್ಯ ಮೇಷ್ಟ್ರು:
ಎಂ10, ಎರಡೂ ಪಾರ್ಟಲ್ಲಿ 10.5 ಥ್ರೂ ತೂತು. ಐಎಸ್‌ಒ 2768-ಎಂ ಅಂತ ಇದೆ. ಪಿಚ್, ಅಂದ್ರೆ ತೂತಿಂದ ತೂತಿಗೆ ದೂರ, 140.

ಹೂಟಗಳ್ಳಿ ಕ್ಯೂಎ:
ಅಲ್ಲೇ ಇದೆ ನೋಡಿ. 140ಕ್ಕೆ ಆ ಸ್ಟ್ಯಾಂಡರ್ಡ್ ±0.5 ಬಿಡುತ್ತೆ. ನಿಮ್ಮ ತೂತಿಗೆ ಒಟ್ಟು ಅರ್ಧ ಮಿಲಿ ಸಡಿಲ ಮಾತ್ರ. ಪ್ರತಿ ತೂತಿನ ಜಾಗ ±0.17 ಒಳಗೆ ಬರಬೇಕಿತ್ತು. ಒಂದೋ ಪೊಸಿಶನ್ ಟಾಲರೆನ್ಸ್ 0.5 ವ್ಯಾಸ ಅಂತ ಬರೆದು ಕೊಡಿ, ಇಲ್ಲ ತೂತು 11 ಮಾಡಿ, ಆಗ 1 ಮಿಲಿ ವ್ಯಾಸ ಸಿಗುತ್ತೆ. ಎಂ10ಕ್ಕೆ 11 ಮಾಮೂಲಿ ಸೈಜೇ. ಇದನ್ನೇ ಬೋರ್ಡ್ ಮೇಲೆ ಮಾಡಿಸಿ, ಯಾವ ಸಾಫ್ಟ್‌ವೇರೂ ಬೇಡ.

ಹೆಬ್ಬಾಳ ಫಿಕ್ಸ್ಚರ್:
ಮೇಡಂ ಈಗ ಎಕ್ಸೆಲ್ಲೂ ಬೇಡ ಅಂತಿದ್ದಾರೆ! ಮೇಷ್ಟ್ರೆ, ಒಂದು ಶನಿವಾರ ಹುಡುಗರನ್ನ ಶಾಪಿಗೆ ಕರ್ಕೊಂಡು ಬನ್ನಿ. ಆ ಕ್ರ್ಯಾಕ್ ಅಂದ ಹುಡುಗನೂ ಬರಲಿ, ಡೇಟಾ ಕೊಡ್ತೀನಿ, ಬಿಲ್ಲೂ ತೋರಿಸ್ತೀನಿ.

ಫ್ರೀಕ್ಯಾಡ್ ಹುಡುಗ:
ಡೇಟಾ ರಿಜಿಸ್ಟರಲ್ಲಿ ಇದ್ಯಾ, ಫೈಲಲ್ಲಿ ಇದ್ಯಾ?

ಹೆಬ್ಬಾಳ ಫಿಕ್ಸ್ಚರ್:
ರಿಜಿಸ್ಟರ್. ಟೈಪ್ ಮಾಡ್ಕೊ.